ವಿದ್ಯಾಭ್ಯಾಸದ ಸುಧಾರಣೆಯೂ ಉಪಾಧ್ಯಾಯಿನಿಯರ ಮಾತೂ

ಸ್ಮರಣ ಸಂಚಿಕೆಯೆಂದರೆ ಕಳೆದ ದಿನಗಳ ನೆನಪು, ದಾನಿಗಳಿಗೆ ವಂದನೆ, ಪರೀಕ್ಷೆಗಳ ಫಲಿತಾಂಶ, ಆಟೋಟಗಳಲ್ಲಿ ಗೆದ್ದ ಹುಡುಗಿಯರ ಭಾವಚಿತ್ರ, ಇವಿಷ್ಟು ಇರತಕ್ಕದ್ದೆಂಬುದು ವಾಡಿಕೆ. ಇವೆಲ್ಲವೂ ಇರಬೇಕಾದುವೇ ಸರಿ. ಆದರೆ ಈ ಪುಟಗಳು ನಮ್ಮ ಹಳೆಯ ವಿದ್ಯಾರ್ಥಿನಿಯರ ಕೈಯನ್ನೂ, ಈಗ ಓದುತ್ತಿರುವ ಮಕ್ಕಳ ತಾಯಿತಂದೆಗಳ ಕೈಯನ್ನೂ ಒಟ್ಟಿಗೆ ಸೇರತಕ್ಕವುಗಳಾದುದರಿಂದ, ಶಾಲೆಯ ಒಳಗಿನ ಒಂದು ವಿಷಯವನ್ನು ಅವರ ಮುಂದೆ ಅರಿಕೆಮಾಡಿಕೊಳ್ಳಲು ಇದಕ್ಕಿಂತ ಒಳ್ಳೆಯ ಸಮಯವು ಒದಗಲಾರದೆಂದು ಭಾವಿಸಿದ್ದೇವೆ. ವಿದ್ಯಾಭ್ಯಾಸವು ಸುಧಾರಿಸಬೇಕೆಂದು ಎಲ್ಲರೂ ಹೇಳುತ್ತಾರೆ. ಸುಧಾರಿಸತಕ್ಕವರು ಯಾರು? ದಿನವೂ ಮಕ್ಕಳ ಮುಂದೆ ನಿಂತು ಪಾಠ ಹೇಳುವವರಿಗೆ ಆ ಕಾರ್ಯದಲ್ಲಿ ಸ್ಥಾನವೆಷ್ಟು? ಈ ಪ್ರಶ್ನೆಯ ವಿಷಯದಲ್ಲಿ ನಮ್ಮ ಅಭಿಪ್ರಾಯವನ್ನು ವಿನಯದಿಂದಲೂ, ಆದರೆ ಸಂಕೋಚವಿಲ್ಲದೆಯೂ, ಹೇಳಬೇಕೆಂದಿದ್ದೇವೆ.

ನಮ್ಮ ದೇಶದಲ್ಲಿ ಸುಧಾರಣೆಯ ಯೋಜನೆಗಳಿಗೆ ಕೊರತೆಯಿಲ್ಲ. ೧೯೬೪ರಿಂದ ೧೯೬೬ರವರೆಗೆ ಕೊಠಾರಿಯವರ ಅಧ್ಯಕ್ಷತೆಯಲ್ಲಿ ಆಯೋಗವು ಕೆಲಸಮಾಡಿತು. ೧೯೬೮ರಲ್ಲಿಯೂ ೧೯೮೬ರಲ್ಲಿಯೂ ರಾಷ್ಟ್ರೀಯ ನೀತಿಗಳು ಹೊರಟುವು. ೨೦೦೫ರಲ್ಲಿ ಪಠ್ಯಕ್ರಮದ ಚೌಕಟ್ಟು ಬಂದಿತು; ೨೦೨೦ರಲ್ಲಿ ಮತ್ತೊಂದು ರಾಷ್ಟ್ರೀಯ ನೀತಿ ಬಂದಿತು. ನಮ್ಮ ರಾಜ್ಯದಲ್ಲಿ ಆ ನೀತಿಗೆ ಬದಲಾಗಿ ನಮ್ಮದೇ ಆದ ನೀತಿಯಿರಬೇಕೆಂದು ೨೦೨೩ರಲ್ಲಿ ಪ್ರೊಫೆಸರ್ ಸುಖದೇವ ಥೋರಟ್ ಅವರ ಅಧ್ಯಕ್ಷತೆಯಲ್ಲಿ ಆಯೋಗವು ನೇಮಕವಾಗಿ, ೨೦೨೫ರ ಆಗಸ್ಟ್ ತಿಂಗಳಲ್ಲಿ ತನ್ನ ವರದಿಯನ್ನು ಮುಖ್ಯಮಂತ್ರಿಗಳಿಗೆ ಒಪ್ಪಿಸಿತು. ಇಂಥ ಗ್ರಂಥಗಳಲ್ಲಿ ಉಪಾಧ್ಯಾಯರ ಘನತೆಯನ್ನು ಕುರಿತು ಒಳ್ಳೆಯ ಮಾತುಗಳಿಗೆ ಕಡಮೆಯಿಲ್ಲ. ಮಕ್ಕಳ ಹೊರೆಯನ್ನು ಇಳಿಸುವ ವಿಚಾರಕ್ಕಾಗಿ ಪ್ರೊಫೆಸರ್ ಯಶಪಾಲರ ಸಮಿತಿಯು ೧೯೯೩ರಲ್ಲಿ ಕೊಟ್ಟ ವರದಿಯಲ್ಲಂತೂ, ಪಠ್ಯಕ್ರಮವನ್ನೂ ಪಠ್ಯಪುಸ್ತಕಗಳನ್ನೂ ಸಿದ್ಧಪಡಿಸುವುದರಲ್ಲಿ ತರಗತಿಯ ಉಪಾಧ್ಯಾಯರು ಹೆಚ್ಚಾಗಿ ಭಾಗವಹಿಸುವಂತೆ ಏರ್ಪಡಿಸಬೇಕೆಂದು ಸ್ಪಷ್ಟವಾಗಿ ಹೇಳಿತ್ತು. ಈ ಸಲಹೆಗೆ ಮೂವತ್ತು ವರ್ಷಗಳು ಮೀರಿದುವು. ಆದರೂ ರೂಢಿಯಲ್ಲಿ ನಡೆಯುವ ಕ್ರಮವು ಬೇರೆ. ತಜ್ಞರು ಬರೆಯುತ್ತಾರೆ, ಇಲಾಖೆಯು ಅಚ್ಚುಹಾಕಿಸುತ್ತದೆ, ಸುತ್ತೋಲೆಯು ಇಳಿದು ಬರುತ್ತದೆ, ಎರಡು ಮೂರು ದಿವಸಗಳ ತರಬೇತಿಯಾಗುತ್ತದೆ. ಆಮೇಲೆ ಉಪಾಧ್ಯಾಯಿನಿಯು ಅದನ್ನು ನಡೆಯಿಸತಕ್ಕದ್ದು. ಹೊತ್ತವರಿಗೆ ಗೊತ್ತು ಹೊರೆಯ ಭಾರವೆಂಬ ಗಾದೆಯು ನಮ್ಮಲ್ಲಿದ್ದರೂ, ಹೊತ್ತವರನ್ನು ಕೇಳುವ ಪದ್ಧತಿಯು ಮಾತ್ರ ಬೆಳೆಯಲಿಲ್ಲ.

ಹತ್ತಿರದ ಉದಾಹರಣೆಯನ್ನೇ ತೆಗೆದುಕೊಳ್ಳೋಣ. ೨೦೨೪ನೆಯ ಇಸವಿಯ ಮಾರ್ಚಿ ತಿಂಗಳನ್ನು ಈ ಪುಟಗಳನ್ನೋದುವ ತಾಯಂದಿರಲ್ಲಿ ಅನೇಕರು ಮರೆತಿರಲಾರರು. ೫, ೮ ಮತ್ತು ೯ನೆಯ ತರಗತಿಗಳಿಗೆ ರಾಜ್ಯಕ್ಕೆಲ್ಲ ಒಂದೇ ಬಗೆಯ ಪರೀಕ್ಷೆಯನ್ನು ನಡೆಯಿಸಬೇಕೆಂದು ಗೊತ್ತಾಗಿತ್ತು. ಉಚ್ಚ ನ್ಯಾಯಾಲಯದ ಒಬ್ಬ ನ್ಯಾಯಾಧೀಶರ ಪೀಠವು ಅದು ಕೂಡದೆಂದಿತು. ವಿಭಾಗೀಯ ಪೀಠವು ನಡೆಯಬಹುದೆಂದಿತು. ಪರೀಕ್ಷೆಯು ೧೧ನೆಯ ತಾರೀಖು ಆರಂಭವಾಗಿ, ಮರುದಿನವೇ ಸರ್ವೋಚ್ಚ ನ್ಯಾಯಾಲಯದ ಆಜ್ಞೆಯಿಂದ ನಡುವೆ ನಿಂತು, ತಿಂಗಳ ಕಡೆಯ ವಾರದಲ್ಲಿ ಮತ್ತೆ ಮುಂದುವರಿಯಿತು. ಏಪ್ರಿಲ್ ತಿಂಗಳಲ್ಲಿ ಫಲಿತಾಂಶಗಳಿಗೇ ತಡೆಯಾಯಿತು. ನ್ಯಾಯಸ್ಥಾನಗಳ ತೀರ್ಪನ್ನಾಗಲಿ ಸರ್ಕಾರದ ಉದ್ದೇಶವನ್ನಾಗಲಿ ವಿಮರ್ಶಿಸುವುದು ನಮ್ಮ ಕೆಲಸವಲ್ಲ. ಆದರೆ ಇಷ್ಟೆಲ್ಲ ವಾದ ಪ್ರತಿವಾದಗಳು ನಡೆಯುವ ಮುಂಚೆ, "ನಿಮ್ಮ ಹುಡುಗಿಯರ ವಿಷಯದಲ್ಲಿ ನಿಮಗೆ ಈಗಾಗಲೇ ತಿಳಿದಿರುವುದೇನು? ಈ ಪರೀಕ್ಷೆಯಿಂದ ಹೊಸದಾಗಿ ತಿಳಿಯಬೇಕಾದುದೇನು?" ಎಂದು ಎಂಟನೆಯ ತರಗತಿಯ ಉಪಾಧ್ಯಾಯಿನಿಯರನ್ನು ಕೇಳಿ ಅವರ ಉತ್ತರಗಳನ್ನು ಕ್ರಮವಾಗಿ ಬರೆದಿಟ್ಟುಕೊಂಡಿದ್ದರೆ, ಆ ತಿಂಗಳು ಮಕ್ಕಳಿಗೆ ಅಷ್ಟು ಕಳವಳದ್ದಾಗುತ್ತಿರಲಿಲ್ಲವೆಂದು ನಮಗೆ ತೋರುತ್ತದೆ.

ಅದೇ ವರ್ಷ ಎಸ್.ಎಸ್.ಎಲ್.ಸಿ. ಪರೀಕ್ಷೆಯ ಕೊಠಡಿಗಳಲ್ಲಿ ಕ್ಯಾಮರಾಗಳ ಕಾವಲನ್ನು ಏರ್ಪಡಿಸಲಾಯಿತು. ೨೦೨೩ರಲ್ಲಿ ನೂರಕ್ಕೆ ೮೩.೮೯ರಷ್ಟಿದ್ದ ಉತ್ತೀರ್ಣರ ಪ್ರಮಾಣವು, ಕೃಪಾಂಕಗಳನ್ನು ಹೆಚ್ಚಿಸಿದ ಮೇಲೆಯೂ, ೭೩.೪೦ಕ್ಕೆ ಇಳಿಯಿತು. ಇಳಿತದ ಕಾರಣವನ್ನು ಕುರಿತು ಪತ್ರಿಕೆಗಳಲ್ಲಿ ಬಹಳ ಚರ್ಚೆಯಾಯಿತು. ನಮ್ಮ ಮನಸ್ಸಿಗೆ ನಾಟಿದ್ದು ಬೇರೊಂದು ಅಂಶ. ಹುಡುಗಿಯೊಬ್ಬಳು ಹತ್ತನೆಯ ತರಗತಿಯವರೆಗೆ ಬಂದರೂ ಗಣಿತದ ಯಾವ ಮೆಟ್ಟಿಲಿನಲ್ಲಿ ಕಾಲು ಜಾರಿದಳು ಎಂಬುದನ್ನು ಕ್ಯಾಮರಾ ಹೇಳಲಾರದು. ನೂರಕ್ಕೆ ಇಷ್ಟೆಂಬ ಅಂಕಿಯೂ ಹೇಳಲಾರದು. ಅದನ್ನು ಹೇಳಬಲ್ಲವಳು ಅವಳ ಪುಸ್ತಕವನ್ನು ತಿದ್ದುವ ಉಪಾಧ್ಯಾಯಿನಿಯೊಬ್ಬಳೇ.

ಆ ಉಪಾಧ್ಯಾಯಿನಿಗೆ ಹೇಳುವ ಅವಕಾಶವೂ ಇಲ್ಲ, ಯೋಚಿಸುವ ಬಿಡುವೂ ಕಡಮೆ. ೨೦೦೯ರ ಶಿಕ್ಷಣ ಹಕ್ಕಿನ ಕಾನೂನಿನ ೨೭ನೆಯ ಪ್ರಕರಣವು, ಹತ್ತು ವರ್ಷಗಳಿಗೊಮ್ಮೆ ಬರುವ ಜನಗಣತಿ, ವಿಪತ್ತಿನ ಪರಿಹಾರ, ಚುನಾವಣೆ, ಇವುಗಳನ್ನು ಬಿಟ್ಟು ಶಿಕ್ಷಣೇತರ ಕೆಲಸಗಳಿಗೆ ಉಪಾಧ್ಯಾಯರನ್ನು ನಿಯೋಜಿಸಕೂಡದೆಂದು ಹೇಳುತ್ತದೆ. ಆದರೂ ೨೦೨೫ರ ಸೆಪ್ಟೆಂಬರ್ ೨೨ರಂದು ಆರಂಭವಾದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಯಲ್ಲಿ ಮನೆಮನೆಗೆ ಹೋದವರಲ್ಲಿ ಬಹುಪಾಲು ಉಪಾಧ್ಯಾಯರೇ ಆಗಿದ್ದರು. ಕೆಲಸವು ಮುಗಿಯದಿದ್ದುದರಿಂದ ಸರ್ಕಾರಿ ಮತ್ತು ಅನುದಾನಿತ ಶಾಲೆಗಳ ದಸರಾ ರಜವನ್ನು ಅಕ್ಟೋಬರ್ ೧೮ರವರೆಗೆ ಬೆಳೆಸಬೇಕಾಯಿತು. ಸಮೀಕ್ಷೆಯು ಬೇಕೋ ಬೇಡವೋ ಎಂಬ ಚರ್ಚೆಯು ಇಲ್ಲಿ ಅಪ್ರಸ್ತುತ. ಒಂದೊಂದು ಮನೆಯಲ್ಲಿಯೂ ಅರುವತ್ತು ಪ್ರಶ್ನೆಗಳನ್ನು ಕೇಳಿ ಬರೆದುಕೊಂಡು ಬಂದ ಉಪಾಧ್ಯಾಯಿನಿಯನ್ನು, ನಿನ್ನ ತರಗತಿಯಲ್ಲಿ ಮಕ್ಕಳಿಗೆ ಕಷ್ಟವಾಗಿರುವುದು ಯಾವುದು ಎಂಬ ಒಂದು ಪ್ರಶ್ನೆಯನ್ನು ಕೇಳುವವರು ಯಾರೂ ಇಲ್ಲವಲ್ಲಾ ಎಂಬುದೇ ನಮ್ಮ ವ್ಯಥೆ.

ಮೇಲಿನಿಂದ ಬಂದುದೆಲ್ಲವೂ ನಿಷ್ಪ್ರಯೋಜಕವೆಂದು ನಾವು ಹೇಳುವವರಲ್ಲ. ೨೦೦೨ರಲ್ಲಿ ಈಶಾನ್ಯ ಜಿಲ್ಲೆಗಳಲ್ಲಿ ಆರಂಭವಾಗಿ ನಾಡಿಗೆಲ್ಲ ಹರಡಿದ ಅಕ್ಷರ ದಾಸೋಹದ ಬಿಸಿಯೂಟವು ಎಷ್ಟೋ ಮಕ್ಕಳ ಹಸಿವನ್ನು ಹಿಂಗಿಸಿತು. ೨೦೦೬ರಿಂದ ಎಂಟನೆಯ ತರಗತಿಯ ಮಕ್ಕಳಿಗೆ ಕೊಟ್ಟ ಬೈಸಿಕಲ್ಲುಗಳು ಎಷ್ಟೋ ಹುಡುಗಿಯರನ್ನು ಪ್ರೌಢಶಾಲೆಯ ಬಾಗಿಲಿಗೆ ತಂದುವು. ಇವು ಸರ್ಕಾರವೊಂದೇ ಮಾಡಬಲ್ಲ ಉಪಕಾರಗಳು. ಇವುಗಳಿಗೆ ನಾವು ಕೃತಜ್ಞರು. ಆದರೆ ಮಗುವನ್ನು ಶಾಲೆಯ ಬಾಗಿಲಿಗೆ ತರುವುದು ಒಂದು ಕೆಲಸ. ಬಾಗಿಲೊಳಗೆ ಬಂದ ಮಗುವಿನ ಬುದ್ಧಿಯು ತೆರೆಯುವಂತೆ ಮಾಡುವುದು ಬೇರೊಂದು ಕೆಲಸ. ಮೊದಲನೆಯದು ಆಜ್ಞೆಯಿಂದ ಆದೀತು. ಎರಡನೆಯದು, ಅದೇ ಕೊಠಡಿಯಲ್ಲಿರುವವರು ಕಣ್ಣಿಟ್ಟು ನೋಡಿ, ಕೂಡಿ ವಿಚಾರಮಾಡಿ, ಮಾಡಿ ನೋಡಿ, ತಿದ್ದಿಕೊಂಡು ಮತ್ತೆ ಮಾಡಿದ ಹೊರತು ಆಗದು.

ಇದು ಬರಿಯ ಊಹೆಯಲ್ಲವೆಂಬುದಕ್ಕೆ ನಮ್ಮ ನಾಡಿನಲ್ಲಿಯೇ ಸಾಕ್ಷಿಯಿದೆ. ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯು ಕಾಡಂಚಿನ ತಾಲ್ಲೂಕು. ಇಂಥ ಸೀಮೆಯ ಸಣ್ಣ ಊರುಗಳಲ್ಲಿಯೂ ಹಾಡಿಗಳಲ್ಲಿಯೂ ಒಬ್ಬರೇ ಉಪಾಧ್ಯಾಯರು ಹಲವು ತರಗತಿಗಳನ್ನು ಒಂದೇ ಕೊಠಡಿಯಲ್ಲಿ ಕೂರಿಸಿಕೊಂಡು ಪಾಠ ಹೇಳಬೇಕಾಗುತ್ತದೆ. ಮನೆಯ ಕೆಲಸಕ್ಕಾಗಿ ಹತ್ತು ದಿವಸ ಬಾರದಿದ್ದ ಮಗುವು ಹಿಂದಿರುಗುವಷ್ಟರಲ್ಲಿ ಪಾಠವು ಮುಂದೆ ಹೋಗಿಬಿಟ್ಟಿರುತ್ತದೆ; ಮಗುವು ಒಂದೆರಡು ದಿನ ಮಿಕಿಮಿಕಿ ನೋಡಿ ಶಾಲೆಯನ್ನೇ ಬಿಡುತ್ತದೆ. ಈ ಕಷ್ಟವನ್ನು ಬಲ್ಲ ಆ ತಾಲ್ಲೂಕಿನ ಉಪಾಧ್ಯಾಯರ ಗುಂಪೊಂದು ಆಂಧ್ರದ ಮದನಪಲ್ಲೆಯ ಸಮೀಪದ ರಿಷಿವ್ಯಾಲಿಗೆ ಹೋಗಿ, ಅಲ್ಲಿಯ ಹಳ್ಳಿಯ ಶಾಲೆಗಳಲ್ಲಿ ಮಕ್ಕಳು ಚಿಕ್ಕ ಚಿಕ್ಕ ಕಾರ್ಡುಗಳ ಮೂಲಕ ತಂತಮ್ಮ ವೇಗಕ್ಕೆ ತಕ್ಕಂತೆ ಕಲಿಯುತ್ತಿದ್ದುದನ್ನು ಕಂಡಿತು. ನೋಡಿ ಬಂದವರು ಅದನ್ನು ಹಾಗೆಯೇ ನಕಲುಮಾಡಲಿಲ್ಲ. ಕೂಡಿ ಕುಳಿತು ಕನ್ನಡದ ಪಾಠಗಳನ್ನು ಒಡೆದು ಕಾರ್ಡುಗಳಾಗಿ ಬರೆದರು. ತಮ್ಮ ಊರಿನ ಹಾಡು, ಕಥೆ, ಆಟಗಳನ್ನು ಅವುಗಳಲ್ಲಿ ಸೇರಿಸಿದರು. ಮಕ್ಕಳ ಮುಂದಿಟ್ಟು ನೋಡಿ ತಿದ್ದಿದರು. ಯುನಿಸೆಫ್ ಸಂಸ್ಥೆಯು ಸಹಾಯಮಾಡಿತು. ೧೯೯೫ರಲ್ಲಿ ಹೀಗೆ ಹುಟ್ಟಿದ ಪದ್ಧತಿಯೇ ನಲಿಕಲಿ.

ನಲಿಕಲಿಯ ಕೊಠಡಿಯನ್ನು ಕಂಡವರು ಅದನ್ನು ಮರೆಯಲಾರರು. ಕಲಿಕೆಯ ಏಣಿಯಲ್ಲಿ ಮಗುವು ತಾನು ಎಲ್ಲಿದ್ದೇನೆಂಬುದನ್ನು ತಾನೇ ಗುರುತಿಸಿ, ತನ್ನ ಕಾರ್ಡನ್ನು ತಾನೇ ತೆಗೆದುಕೊಂಡು, ತನ್ನ ಗುಂಪಿನಲ್ಲಿ ಹೋಗಿ ಕುಳಿತುಕೊಳ್ಳುತ್ತದೆ. ಕೆಲವು ಮಕ್ಕಳಿಗೆ ಉಪಾಧ್ಯಾಯರ ಪೂರ್ಣ ಸಹಾಯ, ಕೆಲವರಿಗೆ ಜೊತೆಯ ಮಕ್ಕಳ ಸಹಾಯ, ಕೆಲವರಿಗೆ ಸ್ವಂತ ಅಭ್ಯಾಸ. ತಲೆಯ ಮೇಲೆ ಹಗ್ಗಗಳಿಂದ ಹೆಣೆದ ಚಪ್ಪರದಲ್ಲಿ ಅವರ ಚಿತ್ರಗಳೂ ಬರೆಹಗಳೂ ತೂಗಾಡುತ್ತಿರುತ್ತವೆ. ಹತ್ತು ದಿನ ಬಾರದಿದ್ದ ಮಗುವು ಬಿಟ್ಟ ಮೆಟ್ಟಿಲಿನಿಂದಲೇ ಮತ್ತೆ ಏರತೊಡಗುತ್ತದೆ. ಯಾವ ಕಷ್ಟವು ಉಪಾಧ್ಯಾಯರನ್ನು ಬಾಧಿಸುತ್ತಿದ್ದಿತೋ ಅದಕ್ಕೇ ಅವರು ಕಂಡುಕೊಂಡ ಪರಿಹಾರವಿದು.

ಕಥೆಯ ಉತ್ತರಾರ್ಧವನ್ನೂ ಹೇಳಬೇಕು. ಪದ್ಧತಿಯ ಗುಣವನ್ನು ಮೆಚ್ಚಿದ ಸರ್ಕಾರವು ೨೦೦೯-೧೦ರಲ್ಲಿ ಅದನ್ನು ರಾಜ್ಯದ ಎಲ್ಲ ಸರ್ಕಾರಿ ಕನ್ನಡ ಶಾಲೆಗಳ ಮೊದಲ ಎರಡು ತರಗತಿಗಳಿಗೂ, ಆಮೇಲೆ ಮೂರನೆಯದಕ್ಕೂ ವಿಸ್ತರಿಸಿತು. ಉದ್ದೇಶವು ಒಳ್ಳೆಯದೇ. ಆದರೆ ಕಾರ್ಡುಗಳನ್ನು ಗಾಡಿಯಲ್ಲಿ ತುಂಬಿ ಕಳುಹಿಸಬಹುದು. ಕಾರ್ಡುಗಳನ್ನು ಬರೆಯುವಾಗ ನಡೆದ ವಿಚಾರವನ್ನು ಕಳುಹಿಸಲಾದೀತೆ? ಕೋಟೆಯ ಉಪಾಧ್ಯಾಯರಿಗೆ ಒಂದೊಂದು ಕಾರ್ಡೂ ಏಕೆ ಹಾಗಿದೆಯೆಂಬುದು ತಿಳಿದಿತ್ತು, ಏಕೆಂದರೆ ಅದು ಅವರ ಪ್ರಶ್ನೆಗೆ ಅವರೇ ಬರೆದ ಉತ್ತರ. ಮಿಕ್ಕವರಿಗೆ ಅದು ಇಲಾಖೆಯಿಂದ ಬಂದ ಮತ್ತೊಂದು ಸಾಮಗ್ರಿ. ಎಲ್ಲಿ ಉಪಾಧ್ಯಾಯಿನಿಯು ಅದನ್ನು ತನ್ನದಾಗಿ ಮಾಡಿಕೊಂಡು ತನ್ನ ಮಕ್ಕಳಿಗೆ ತಕ್ಕಂತೆ ತಿದ್ದಿಕೊಂಡಳೋ ಅಲ್ಲಿ ನಲಿಕಲಿಯು ಈಗಲೂ ಜೀವಂತವಾಗಿದೆ. ಎಲ್ಲಿ ಅದು ಬರಿಯ ಆಜ್ಞಾಪಾಲನೆಯಾಯಿತೋ ಅಲ್ಲಿ ಏಣಿಯು ಗೋಡೆಯ ಚಿತ್ರವಾಗಿ ಉಳಿಯಿತು. ಸರ್ಕಾರಿ ಪ್ರಾಥಮಿಕ ಶಾಲೆಗಳಿಂದ ನಮ್ಮ ಎಂಟನೆಯ ತರಗತಿಗೆ ಬಂದು ಸೇರುವ ಹುಡುಗಿಯರಲ್ಲಿ ಈ ಎರಡು ಬಗೆಯ ಶಾಲೆಗಳ ಗುರುತನ್ನೂ ನಾವು ಕಾಣುತ್ತೇವೆ. ಪದ್ಧತಿಯು ಒಂದೇ, ಕಾರ್ಡುಗಳು ಒಂದೇ. ಫಲವು ಮಾತ್ರ ಬೇರೆ. ಬಿತ್ತುವವನ ಸಾಮ್ಯವನ್ನು ಚಿಕ್ಕಂದಿನಿಂದ ಕೇಳಿರುವ ನಮ್ಮ ವಾಚಕರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಬೀಜವು ಒಳ್ಳೆಯದಾಗಿದ್ದರೆ ಸಾಲದು, ನೆಲವನ್ನು ಹದಮಾಡಿಕೊಂಡಿರಬೇಕು. ಉಪಾಧ್ಯಾಯರ ಕೂಡುವಿಚಾರವೇ ಆ ಹದ.

ಹೊರದೇಶಗಳಲ್ಲಿಯೂ ಇದನ್ನು ಅರಿತವರುಂಟು. ಜಪಾನಿನ ಶಾಲೆಗಳಲ್ಲಿ ನೂರಕ್ಕಿಂತ ಹೆಚ್ಚು ವರ್ಷಗಳಿಂದ ಜುಗ್ಯೋ ಕೆಂಕ್ಯೂ, ಎಂದರೆ ಪಾಠದ ಪರಿಶೋಧನೆ, ಎಂಬ ಪದ್ಧತಿಯು ಬೆಳೆದುಬಂದಿದೆ. ಕೆಲವರು ಉಪಾಧ್ಯಾಯರು ಕೂಡಿ ಒಂದು ಪಾಠವನ್ನು ಸಿದ್ಧಪಡಿಸುತ್ತಾರೆ. ಅವರಲ್ಲೊಬ್ಬರು ಅದನ್ನು ಹೇಳುತ್ತಾರೆ. ಮಿಕ್ಕವರು ಅದೇ ಕೊಠಡಿಯಲ್ಲಿ ನಿಂತು, ಪಾಠ ಹೇಳುವವರನ್ನಲ್ಲ, ಮಕ್ಕಳನ್ನು ಗಮನಿಸುತ್ತಾರೆ. ಪಾಠವಾದ ಮೇಲೆ ತಾವು ಕಂಡದ್ದನ್ನು ಹೇಳಿ, ತಿದ್ದಿ, ಬೇರೊಂದು ತರಗತಿಯಲ್ಲಿ ಮತ್ತೆ ಹೇಳುವುದೂ ಉಂಟು. ೧೯೯೯ರಲ್ಲಿ ಸ್ಟಿಗ್ಲರ್ ಮತ್ತು ಹೀಬರ್ಟ್ ಎಂಬ ಅಮೆರಿಕದ ವಿದ್ವಾಂಸರು ತಮ್ಮ ಗ್ರಂಥದಲ್ಲಿ ಇದನ್ನು ವರ್ಣಿಸಿದ ಮೇಲೆ ಲೋಕದ ಅನೇಕ ಕಡೆಗಳಲ್ಲಿ ಇದರ ಅನುಸರಣೆ ನಡೆದಿದೆ. ಇದಕ್ಕೆ ಹೊಸ ಕಟ್ಟಡವೂ ಬೇಡ, ಹೊಸ ಯಂತ್ರವೂ ಬೇಡ. ಬೇಕಾದುದು ಬಿಡುವು, ಒಬ್ಬರ ಪಾಠವನ್ನು ಇನ್ನೊಬ್ಬರು ನೋಡುವಷ್ಟು ನಂಬಿಕೆ, ಮತ್ತು ಕಂಡದ್ದನ್ನು ಬರೆದಿಡುವ ಅಭ್ಯಾಸ.

ನಮ್ಮ ನಾಡಿಗೂ ಇದು ಪೂರ್ತಿಯಾಗಿ ಹೊಸದಲ್ಲ. ೧೮೬೦ರ ದಶಕದಲ್ಲಿಯೇ ಬೆಳಗಾವಿಯಿಂದ ಕನ್ನಡ ಶಾಲೆಗಳ ಉಪಾಧ್ಯಾಯರಿಗಾಗಿ ಮಠಪತ್ರಿಕೆಯೆಂಬ ಪತ್ರಿಕೆಯು ಹೊರಡುತ್ತಿದ್ದಿತು. ಧಾರವಾಡದ ಜೀವನ ಶಿಕ್ಷಣ ಮಾಸಪತ್ರಿಕೆಯು ಅದೇ ಪರಂಪರೆಯದು. ಈಗಲೂ ಸರ್ಕಾರಿ ಶಾಲೆಗಳ ಉಪಾಧ್ಯಾಯರು ತಮ್ಮ ಕ್ಲಸ್ಟರ್ ಕೇಂದ್ರಗಳಲ್ಲಿ ಸಮಾಲೋಚನಾ ಸಭೆ ಸೇರುವ ಏರ್ಪಾಡುಂಟು. ಹೆಸರು ಸೊಗಸಾಗಿದೆ: ಸಮಾಲೋಚನೆಯೆಂದರೆ ಕೂಡಿ ಆಲೋಚಿಸುವುದು. ಆ ಸಭೆಯ ಹೊತ್ತೆಲ್ಲ ಸುತ್ತೋಲೆಗಳನ್ನು ಓದಿ ಹೇಳುವುದರಲ್ಲಿಯೂ ಅಂಕಿ ಅಂಶಗಳನ್ನು ಒಪ್ಪಿಸುವುದರಲ್ಲಿಯೂ ಕಳೆದುಹೋದರೆ, ಪಾತ್ರೆಯಿದ್ದೂ ಅನ್ನವಿಲ್ಲದಂತಾಗುತ್ತದೆ. ಹೊಸ ಸಭೆಗಳನ್ನು ನಿರ್ಮಿಸಬೇಕಾಗಿಲ್ಲ. ಇರುವ ಸಭೆಗೆ ಅದರ ಹೆಸರಿನ ಅರ್ಥವನ್ನು ಹಿಂದಕ್ಕೆ ಕೊಟ್ಟರೆ ಸಾಕು.

ಈಗ ನಮ್ಮ ಅಬ್ಬಿಗೆರೆಯ ಮಾತಿಗೆ ಬರೋಣ. ಕೆರೆಯ ಪಕ್ಕದ ಹಳ್ಳಿಯಾಗಿದ್ದ ಈ ಊರಿನ ನೆರೆಯ ಜಾಲಹಳ್ಳಿಯಲ್ಲಿ ೧೯೫೦ರ ದಶಕದಲ್ಲಿ ಎಚ್.ಎಂ.ಟಿ. ಮತ್ತು ಬಿ.ಇ.ಎಲ್. ಕಾರ್ಖಾನೆಗಳು ನಿಂತುವು. ಕ್ರಮೇಣ ನಮ್ಮ ಸುತ್ತಮುತ್ತಲೂ ಚಿಕ್ಕ ಚಿಕ್ಕ ಕಾರ್ಖಾನೆಗಳು ಬೆಳೆದುವು, ಹೊಲಗಳಿದ್ದಲ್ಲಿ ಬಡಾವಣೆಗಳಾದುವು. ಈ ದಿನ ನಮ್ಮ ಒಂದು ತರಗತಿಯಲ್ಲಿ ಈ ಊರಿನ ಹಳೆಯ ಮನೆತನಗಳ ಹುಡುಗಿಯರೂ, ಕಲಬುರಗಿ ರಾಯಚೂರುಗಳ ಕಡೆಯಿಂದ ಕೆಲಸಕ್ಕಾಗಿ ಬಂದವರ ಹುಡುಗಿಯರೂ, ಮನೆಯಲ್ಲಿ ತೆಲುಗು, ತಮಿಳು, ಉರ್ದು ಆಡುವ ಹುಡುಗಿಯರೂ ಒಂದೇ ಬೆಂಚಿನ ಮೇಲೆ ಕುಳಿತಿರುತ್ತಾರೆ. ಇಂಥ ತರಗತಿಗೆ ಎಲ್ಲಿಯೋ ಕುಳಿತು ಬರೆದ ಒಂದೇ ಕ್ರಮವು ಹೊಂದುವುದೆಂದು ಹೇಗೆ ಹೇಳುವುದು? ಈ ಪುಟಗಳನ್ನು ಓದುವ ತಂದೆಗಳಲ್ಲಿ ಲೇತ್ ಯಂತ್ರದ ಮುಂದೆ ನಿಂತು ಬದುಕು ಮಾಡಿದವರು ಹಲವರಿದ್ದಾರೆ. ಕೆಲಸಗಾರನ ಮಾತನ್ನು ಕೇಳದೆ ಯಂತ್ರವನ್ನು ಬದಲಾಯಿಸುವ ಯಜಮಾನನ ಕಾರ್ಖಾನೆಯು ಏನಾಗುವುದೆಂಬುದನ್ನು ಅವರಿಗೆ ನಾವು ಹೇಳಿಕೊಡಬೇಕಾಗಿಲ್ಲ.

ಕೂಡುವಿಚಾರವೆಂದರೇನೆಂಬುದು ಸ್ಪಷ್ಟವಾಗಲೆಂದು ನಮ್ಮಲ್ಲಿ ನಡೆದ ಚಿಕ್ಕದೊಂದು ಪ್ರಯತ್ನವನ್ನು ಹೇಳುತ್ತೇವೆ. ಎಂಟನೆಯ ತರಗತಿಯ ಹುಡುಗಿಯರಲ್ಲಿ ಹಲವರು ಹಲಗೆಯ ಮೇಲೆ ಬರೆದ ಲೆಕ್ಕವನ್ನು ಚುರುಕಾಗಿ ಮಾಡುತ್ತಿದ್ದರು. ಅದೇ ಲೆಕ್ಕವು ವಾಕ್ಯರೂಪದಲ್ಲಿ ಬಂದರೆ ಲೇಖನಿಯನ್ನು ಕೆಳಗಿಡುತ್ತಿದ್ದರು. ಗಣಿತ, ಕನ್ನಡ, ವಿಜ್ಞಾನಗಳ ಉಪಾಧ್ಯಾಯಿನಿಯರು ಮೂವರು ಕೂಡಿ, ಹುಡುಗಿಯರನ್ನು ಒಬ್ಬೊಬ್ಬರನ್ನಾಗಿ ಕರೆದು, "ಲೆಕ್ಕ ಮಾಡಬೇಡಮ್ಮಾ, ಇದರಲ್ಲಿ ಏನು ಕೇಳಿದ್ದಾರೆಂದು ನಿನ್ನ ಮಾತಿನಲ್ಲಿ ಹೇಳು, ಸಾಕು" ಎಂದರು, ಹೇಳಿದ್ದನ್ನೆಲ್ಲ ಬರೆದುಕೊಂಡರು. ಅಸಲು, ಬಡ್ಡಿ, ಲಾಭ, ನಷ್ಟಗಳೆಂಬ ಮಾತುಗಳೇ ಕಷ್ಟವಾಗಿರಬೇಕೆಂದು ಯಾರಾದರೂ ಊಹಿಸುವರು. ಹಾಗಿರಲಿಲ್ಲ. ಸಂತೆ, ಸಾಲ, ಚೀಟಿಗಳ ವ್ಯವಹಾರವನ್ನು ಮನೆಯಲ್ಲಿ ಕಾಣುವ ಆ ಹುಡುಗಿಯರಿಗೆ ಈ ಮಾತುಗಳು ಚೆನ್ನಾಗಿ ಗೊತ್ತು. ಅವರನ್ನು ತಡೆದ ಮಾತುಗಳು 'ಕ್ರಮವಾಗಿ', 'ಹೊರತುಪಡಿಸಿ', 'ಕನಿಷ್ಠ', 'ಪ್ರತಿಯೊಂದರ' ಎಂಬಂಥ ಸಣ್ಣ ಮಾತುಗಳು. ಇವು ಗಣಿತದ ಪುಸ್ತಕದ ಕಠಿಣ ಪದಗಳ ಪಟ್ಟಿಯಲ್ಲಿಲ್ಲ. ಕನ್ನಡದ ಪಾಠದಲ್ಲಿಯೂ ಯಾರೂ ಬಿಡಿಸಿ ಹೇಳುವುದಿಲ್ಲ. ಎರಡು ವಿಷಯಗಳ ನಡುವಣ ಸಂದಿನಲ್ಲಿ ಬಿದ್ದಿದ್ದ ಕಷ್ಟವು ಇಬ್ಬರು ಉಪಾಧ್ಯಾಯಿನಿಯರು ಕೂಡಿ ನೋಡಿದಾಗ ಮಾತ್ರ ಕಣ್ಣಿಗೆ ಬಿದ್ದಿತು.

ಆಮೇಲೆ ಆ ಮಾತುಗಳಿಗಾಗಿಯೇ ಒ೦ದು ಪಾಠವನ್ನು ಮೂವರೂ ಸೇರಿ ಕಟ್ಟಿದರು. ಒಬ್ಬರು ಹೇಳಿದರು, ಇಬ್ಬರು ಹಿಂದೆ ಕುಳಿತು ಮಕ್ಕಳ ಮುಖವನ್ನೂ ಪುಸ್ತಕಗಳನ್ನೂ ನೋಡಿದರು. ಪವಾಡವೇನೂ ನಡೆಯಲಿಲ್ಲ. ಕೆಲವರು ಹುಡುಗಿಯರು ಬೇಗನೆ ಮುಂದುವರಿದರು. ಇನ್ನು ಕೆಲವರಿಗೆ ಮಾತು ತಿಳಿದ ಮೇಲೆಯೂ ಭಿನ್ನರಾಶಿಯೇ ತಿಳಿಯದೆಂಬುದು ಹೊರಬಿದ್ದಿತು. ಅದು ಮುಂದಿನ ವಿಚಾರಕ್ಕೆ ವಿಷಯವಾಯಿತು. ಆದರೆ, "ಈ ಹುಡುಗಿಗೆ ಗಣಿತ ಹತ್ತುವುದಿಲ್ಲ" ಎಂಬ ಒಂದೇ ಮಾತಿನಿಂದ ತಳ್ಳಿಬಿಡಬಹುದಾಗಿದ್ದ ಹುಡುಗಿಯರಲ್ಲಿ ಒಬ್ಬೊಬ್ಬಳ ತೊಡಕೂ ಬೇರೆಯೆಂದು ತಿಳಿದುದೇ ದೊಡ್ಡ ಲಾಭ. ಹೆಣ್ಣುಮಗಳಿಗೆ ಗಣಿತ ಹತ್ತುವುದಿಲ್ಲವೆಂದು ಹದಿಮೂರನೆಯ ವಯಸ್ಸಿನಲ್ಲಿ ನಿಶ್ಚಯಮಾಡಿಬಿಟ್ಟರೆ, ಅವಳ ಮುಂದಿನ ಓದು, ಉದ್ಯೋಗ, ಕೆಲವು ಕಡೆ ಮದುವೆಯ ವಯಸ್ಸು ಕೂಡ, ಅಲ್ಲಿಯೇ ನಿಶ್ಚಯವಾಗುತ್ತದೆ. ಆದುದರಿಂದ ಇದು ಉಪಾಧ್ಯಾಯಿನಿಯರ ಹಕ್ಕು ಬಾಧ್ಯತೆಯ ಮಾತು ಮಾತ್ರವಲ್ಲ. ನಿಮ್ಮ ಮಗಳ ಭವಿಷ್ಯದ ಮಾತು.

ಇಲ್ಲಿ ಒಂದು ಭೇದವನ್ನು ಗಮನಿಸಬೇಕು. ಉಪಾಧ್ಯಾಯರ ಮಾತಿಗೆ ಬೆಲೆ ಬರಬೇಕಾದರೆ ಆ ಮಾತು ಗೊಣಗಾಟವಾಗಿರಬಾರದು. ಸಂಬಳ, ಬಡ್ತಿ, ವರ್ಗಾವಣೆಗಳ ವಿಷಯದಲ್ಲಿ ಸಂಘಗಳು ಮಾತನಾಡುವುದು ನ್ಯಾಯವಾದುದೇ. ಆದರೆ ಮಗುವು ಹೇಗೆ ಕಲಿಯುತ್ತದೆಂಬ ವಿಷಯದಲ್ಲಿ ಮಾತನಾಡಬೇಕಾದರೆ ಕಂಡದ್ದನ್ನು ಮುಂದಿಡಬೇಕು. ಪ್ರಶ್ನೆಯನ್ನು ಗೊತ್ತುಮಾಡಿಕೊಳ್ಳುವುದು, ಮಕ್ಕಳ ಉತ್ತರಗಳನ್ನು ಕೂಡಿಸುವುದು, ಬೇರೆಯವರ ಕಣ್ಣಿನಿಂದಲೂ ನೋಡುವುದು, ಪಾಠವನ್ನು ಬದಲಾಯಿಸಿ ಪರೀಕ್ಷಿಸುವುದು, ಫಲಿಸದಿದ್ದರೆ ಫಲಿಸಲಿಲ್ಲವೆಂದು ಬರೆಯುವುದು, ಇಷ್ಟನ್ನು ಮಾಡಿದವರ ಮಾತನ್ನು ಯಾವ ಸಮಿತಿಯೂ ಸುಲಭವಾಗಿ ತಳ್ಳಿಹಾಕಲಾರದು. ಇಂಗ್ಲೆಂಡಿನ ಲಾರೆನ್ಸ್ ಸ್ಟೆನ್‌ಹೌಸ್ ಎಂಬವರು ೧೯೭೫ರಲ್ಲಿ ಉಪಾಧ್ಯಾಯರೇ ಪರಿಶೋಧಕರಾಗಬೇಕೆಂದು ವಾದಿಸಿದುದರ ತಿರುಳು ಇದೇ. ವಿಚಾರವಿಲ್ಲದ ಮಾತು ಬರಿಯ ಸದ್ದು. ಮಾತಿಗೆ ಎಡೆಯಿಲ್ಲದ ವಿಚಾರವು ಬಾವಿಯೊಳಗಿನ ದೀಪ. ಎರಡೂ ಕೂಡಿರಬೇಕು.

ಈ ಅಭಿಪ್ರಾಯಕ್ಕೆ ಬರಬಹುದಾದ ಆಕ್ಷೇಪಗಳನ್ನು ನಾವು ಬಲ್ಲೆವು. ಮೊದಲನೆಯದು ತಾಯಿತಂದೆಗಳದು: "ನಾವು ಫೀಸು ಕೊಡುವುದು ಪಾಠಕ್ಕಾಗಿ, ಉಪಾಧ್ಯಾಯಿನಿಯರು ಕೊಠಡಿಯಲ್ಲಿ ಕುಳಿತು ಮಾತನಾಡುವುದಕ್ಕಲ್ಲ. ಪೋರ್ಷನ್ ಮುಗಿಯಬೇಕು, ಅಂಕ ಬರಬೇಕು." ಈ ಕಾತರವು ಸಹಜ. ಕಷ್ಟಪಟ್ಟು ದುಡಿದ ಹಣದಲ್ಲಿ ಮಗಳನ್ನು ಓದಿಸುವವರಿಗೆ ಅಂಕಗಳ ಚಿಂತೆಯಿರದೆ ಹೇಗೆ? ಆದರೆ ಮಗುವಿಗೆ ತಿಳಿಯದೆ ಮುಗಿದ ಪೋರ್ಷನ್ನು ಯಾರಿಗೆ ಮುಗಿದಂತಾಯಿತು? ವೈದ್ಯನು ರೋಗಿಯ ನಾಡಿಯನ್ನು ನೋಡಲು ತೆಗೆದುಕೊಂಡ ಹೊತ್ತನ್ನು ಯಾರೂ ಹಾಳಾದ ಹೊತ್ತೆನ್ನುವುದಿಲ್ಲ. ವಾರಕ್ಕೊಂದು ಗಂಟೆ ಕೂಡಿ ವಿಚಾರಮಾಡಿದರೆ, ಮಿಕ್ಕ ಗಂಟೆಗಳ ಪಾಠವು ಗುರಿಗೆ ತಾಗುತ್ತದೆ.

ಎರಡನೆಯ ಆಕ್ಷೇಪವು ಮೇಲಿನವರದು: ಒಬ್ಬೊಬ್ಬರೂ ಒಂದೊಂದು ದಾರಿ ಹಿಡಿದರೆ ಎತ್ತು ಏರಿಗೆಳೆಯಿತು, ಕೋಣ ನೀರಿಗೆಳೆಯಿತು ಎಂಬಂತಾಗುವುದೆಂದು. ಬಡಮಕ್ಕಳಿಗೂ ಸಿರಿವಂತರ ಮಕ್ಕಳಿಗೂ ಒಂದೇ ಮಟ್ಟದ ವಿದ್ಯೆ ದೊರೆಯಬೇಕಾದರೆ ನಾಡಿಗೆಲ್ಲ ಒಂದು ಪಠ್ಯಕ್ರಮವಿರಬೇಕೆಂಬುದನ್ನು ನಾವು ಒಪ್ಪುತ್ತೇವೆ. ಸೇರಬೇಕಾದ ಊರನ್ನು ಸರ್ಕಾರವು ಗೊತ್ತುಮಾಡಲಿ. ದಾರಿಯಲ್ಲಿ ಹಳ್ಳವೆಲ್ಲಿದೆ, ಕಲ್ಲೆಲ್ಲಿದೆ ಎಂಬುದನ್ನು ಮಾತ್ರ ಮಕ್ಕಳನ್ನು ಕೈಹಿಡಿದು ನಡೆಸುವವರಿಂದ ಕೇಳಿ ತಿಳಿಯಲಿ. ೨೦೨೦ರ ನೀತಿಯು ಉಪಾಧ್ಯಾಯರಿಗೆ ವರ್ಷಕ್ಕೆ ೫೦ ಗಂಟೆಗಳ ವೃತ್ತಿ ಶಿಕ್ಷಣವಿರಬೇಕೆಂದಿತು. ಯಾವ ನೀತಿಯು ನಿಂತರೂ, ಅಂಥ ಗಂಟೆಗಳಲ್ಲಿ ಅರ್ಧದಷ್ಟನ್ನಾದರೂ ಉಪನ್ಯಾಸ ಕೇಳುವುದಕ್ಕಲ್ಲದೆ ತಮ್ಮ ಶಾಲೆಯ ಪ್ರಶ್ನೆಗಳನ್ನು ತಾವೇ ಶೋಧಿಸುವುದಕ್ಕೆ ಬಿಟ್ಟುಕೊಡಬೇಕೆಂಬುದು ನಮ್ಮ ಕೋರಿಕೆ. ನೀತಿಯನ್ನೋ ಪಠ್ಯಪುಸ್ತಕವನ್ನೋ ಸಿದ್ಧಪಡಿಸುವ ಸಮಿತಿಗಳಲ್ಲಿ ಆಗ ತಾನೇ ತರಗತಿಯಿಂದ ಎದ್ದು ಬಂದ ಉಪಾಧ್ಯಾಯರು, ಅದರಲ್ಲಿಯೂ ಪ್ರಾಥಮಿಕ ಶಾಲೆಗಳ ಉಪಾಧ್ಯಾಯಿನಿಯರು, ಲೆಕ್ಕಕ್ಕೆ ಒಬ್ಬಿಬ್ಬರಾಗಿರದೆ ತಕ್ಕಷ್ಟು ಸಂಖ್ಯೆಯಲ್ಲಿರಬೇಕು. ಯಾವ ಹೊಸ ಕ್ರಮವನ್ನೂ ನಾಡಿಗೆಲ್ಲ ವಿಧಿಸುವ ಮುಂಚೆ ಕೆಲವು ಶಾಲೆಗಳಲ್ಲಿ ಒಂದು ವರ್ಷ ನಡೆಯಿಸಿ, ಅಲ್ಲಿಯವರ ವರದಿಯನ್ನು ಪ್ರಕಟಿಸಬೇಕು.

ಇನ್ನು ನಮ್ಮವರೊಡನೆ ಎರಡು ಮಾತು. ತಾಯಿತಂದೆಗಳೇ, ಶಾಲೆಗೆ ಬಂದಾಗ "ನನ್ನ ಮಗಳಿಗೆ ಎಷ್ಟು ಅಂಕ?" ಎಂದು ಕೇಳುವುದರ ಜೊತೆಗೆ, "ಅವಳಿಗೆ ತಿಳಿಯದೆ ಇರುವುದು ಯಾವುದು? ಅದಕ್ಕೆ ನೀವು ಏನು ಮಾಡಿ ನೋಡಿದಿರಿ?" ಎಂದೂ ಕೇಳಿರಿ. ಈ ಪ್ರಶ್ನೆಯು ನಮ್ಮನ್ನು ಎಚ್ಚರವಾಗಿಡುತ್ತದೆ. ಮನೆಯಲ್ಲಿ ಮಗಳು ಯಾವ ಭಾಷೆಯಲ್ಲಿ ಲೆಕ್ಕ ಹಾಕುತ್ತಾಳೆ, ಯಾವ ಹೊತ್ತಿನಲ್ಲಿ ಓದಲು ಕೂರುತ್ತಾಳೆ, ಯಾವ ಪುಸ್ತಕವನ್ನು ಬದಿಗೆ ಸರಿಸುತ್ತಾಳೆ ಎಂಬುದು ನಿಮಗೆ ತಿಳಿದಷ್ಟು ನಮಗೆ ತಿಳಿಯದು. ಅದನ್ನು ನಮಗೆ ತಿಳಿಸಿರಿ. ವಾರಕ್ಕೊಂದು ಗಂಟೆ ಉಪಾಧ್ಯಾಯಿನಿಯರು ಕೂಡಿ ಕುಳಿತುಕೊಳ್ಳುವಂತೆ ಆಡಳಿತ ಮಂಡಳಿಯು ವೇಳಾಪಟ್ಟಿಯಲ್ಲಿ ಎಡೆಮಾಡಿಕೊಟ್ಟಾಗ ಅದನ್ನು ಬೆಂಬಲಿಸಿರಿ.

ಹಳೆಯ ವಿದ್ಯಾರ್ಥಿನಿಯರೇ, ನೀವು ಗ್ರಂಥಾಲಯಕ್ಕೆ ಪುಸ್ತಕಗಳನ್ನೂ ಬಡ ಹುಡುಗಿಯರಿಗೆ ಫೀಸನ್ನೂ ಕೊಡುವಂಥವರು. ದೇವರು ನಿಮ್ಮನ್ನು ಆಶೀರ್ವದಿಸಲಿ. ಅದರೊಡನೆ ಇನ್ನೊಂದು ದಾನವನ್ನೂ ಬೇಡುತ್ತೇವೆ. ನಿಮ್ಮ ಶಾಲೆಯ ದಿನಗಳಲ್ಲಿ ಯಾವ ಪಾಠವು ತಿಳಿಯಲಿಲ್ಲ, ಯಾವಾಗ ಪ್ರಶ್ನೆ ಕೇಳಲು ಅಂಜಿ ಸುಮ್ಮನಾದಿರಿ, ಯಾರು ಹೇಗೆ ಹೇಳಿದಾಗ ತಟ್ಟನೆ ತಿಳಿಯಿತು ಎಂಬುದನ್ನು ಒಂದು ಪುಟದಲ್ಲಿ ಬರೆದು ಕಳುಹಿಸಿರಿ. ಹೊಗಳಿಕೆ ಬೇಡ, ಇದ್ದದ್ದನ್ನು ಇದ್ದಂತೆ ಬರೆಯಿರಿ. ನಿಮ್ಮಲ್ಲಿ ಉಪಾಧ್ಯಾಯಿನಿಯರಾಗಿರುವವರು ಬಿಡುವಿನ ದಿನ ಬಂದು ನಮ್ಮ ಪಾಠವನ್ನು ನೋಡಿ ಕಂಡದ್ದನ್ನು ಹೇಳಿರಿ. ಈ ಪುಟಗಳು ಸೇರುತ್ತ ಹೋದಂತೆ ಅವು ನಮ್ಮ ಶಾಲೆಯು ತನ್ನನ್ನು ತಾನು ಓದಿಕೊಳ್ಳುವ ಪುಸ್ತಕವಾಗುವುವು.

ಹನ್ನೆರಡು ವರ್ಷದ ಬಾಲಕನಾದ ಯೇಸುವು ದೇವಾಲಯದಲ್ಲಿ ಬೋಧಕರ ನಡುವೆ ಕುಳಿತು, ಅವರ ಮಾತನ್ನು ಕೇಳುತ್ತಲೂ ಅವರನ್ನು ಪ್ರಶ್ನಿಸುತ್ತಲೂ ಇದ್ದನೆಂಬ ವೃತ್ತಾಂತವು ನಿಮಗೆಲ್ಲ ತಿಳಿದದ್ದೇ. ಅಲ್ಲಿ ಬಾಲಕನ ಪ್ರಶ್ನೆಗಳನ್ನು ಬೋಧಕರು ಬಾಯಿಮುಚ್ಚಿಸದೆ ಕಿವಿಗೊಟ್ಟು ಕೇಳಿದರೆಂಬುದನ್ನು ಸಹ ನಾವು ನೆನೆಯಬೇಕು. ಮಕ್ಕಳು ಪ್ರಶ್ನಿಸುವ ಧೈರ್ಯವನ್ನು ಕಲಿಯಬೇಕಾದರೆ, ಅವರಿಗೆ ಕಲಿಸುವವರೂ ಪ್ರಶ್ನಿಸುವವರಾಗಿರಬೇಕು. ಕಲಿಸುವವರು ಪ್ರಶ್ನಿಸಬೇಕಾದರೆ, ಅವರ ಪ್ರಶ್ನೆಯನ್ನು ಕೇಳುವ ಕಿವಿಗಳು ಮೇಲಿನವರಲ್ಲಿಯೂ ನಿಮ್ಮಲ್ಲಿಯೂ ಇರಬೇಕು. ಆ ಸಹಕಾರವನ್ನು ಈ ವರ್ಷದಿಂದಲೇ ನೀಡಬೇಕೆಂದು ಎಲ್ಲರನ್ನೂ ಪ್ರಾರ್ಥಿಸುತ್ತೇವೆ.